ಪೂಜೆಗೆ ಬಿಚ್ಚಿಟ್ಟ ಗಾರ್ಡು

ನನ್ನ ಅಳಿಯ ಆಯಸ್ಸು ಮುಗಿದು ಸಾಯಲಿಲ್ಲ. ಗಾರ್ಡು ಹಾಕದ ಮೆಷಿನ್ನಿನಲ್ಲಿ ಕೆಲಸ ಮಾಡಿಸಿದರು, ಅದಕ್ಕೇ ಸತ್ತ. ದೃಷ್ಟಿಯಾಯಿತು, ಗ್ರಹಚಾರ ಕೆಟ್ಟಿತ್ತು ಎಂದು ಹೇಳಿಕೊಂಡು ಬಂದವರಿಗೆ ಕಾಫಿ ಕೊಟ್ಟು ಕಳಿಸಿದ್ದೇನೆ, ಒಪ್ಪಿಕೊಂಡಿಲ್ಲ.

ಹೆಬ್ಬಾಳದ ಒಂದು ರಬ್ಬರ್ ಕಾರ್ಖಾನೆಯಲ್ಲಿ ಅವನ ಕೆಲಸ. ಎರಡು ದಪ್ಪ ಉರುಳೆಗಳ ನಡುವೆ ರಬ್ಬರನ್ನು ತೂರಿಸಿ ಹಾಳೆ ಮಾಡುವ ಮೆಷಿನ್ನು. ಕೈ ಒಳಗೆ ಹೋಗದಂತೆ ಮುಂದೆ ಕಬ್ಬಿಣದ ಜಾಲರಿ ಇರುತ್ತದೆ, ಅದೇ ಗಾರ್ಡು. ಇದನ್ನು ನಾನು ನೋಡಿದ್ದು ಆಯುಧಪೂಜೆಯ ದಿನ. ಆವತ್ತು ಕೆಲಸದವರ ಮನೆಮಂದಿಯನ್ನೂ ಕರೆಯುತ್ತಾರೆ. ಮಗಳ ಜೊತೆ ನಾನೂ ಹೋಗಿದ್ದೆ. ಮೆಷಿನ್ನುಗಳನ್ನು ಒರೆಸಿ ಬಾಳೆಕಂದು ಕಟ್ಟಿದ್ದರು. ಉರುಳೆಗೆ ಕುಂಕುಮ ಹಚ್ಚಲು ಅಡ್ಡ ಬರುತ್ತದೆಂದು ಗಾರ್ಡುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿ, ಅವಕ್ಕೂ ವಿಭೂತಿ ಬಳಿದು ಸೇವಂತಿಗೆ ಸಿಕ್ಕಿಸಿದ್ದರು. ನಾನೂ ಕೈ ಮುಗಿದು, ಕಡ್ಲೆಪುರಿ ಇಸಿದುಕೊಂಡು ಬಂದೆ.

ರಜೆ ಮುಗಿದು ಕೆಲಸ ಶುರುವಾದ ದಿನವೇ ಅಳಿಯನ ಗ್ಲೌಸು ಉರುಳೆಗೆ ಸಿಕ್ಕಿ, ಕೈ ಭುಜದವರೆಗೂ ಒಳಗೆ ಹೋಯಿತು. ಜೀವಸಹಿತ ಆಸ್ಪತ್ರೆ ಮುಟ್ಟಲಿಲ್ಲ. ಶವಾಗಾರದ ಮುಂದೆ ಪಕ್ಕದ ಮೆಷಿನ್ನಿನವನು ನನ್ನನ್ನು ಮರೆಗೆ ಕರೆದ.

“ಗಾರ್ಡ್ ಹಾಕ್ದೆ ಶುರು ಮಾಡಲ್ಲ ಅಂದ ಕಣವ್ವ ನಿಮ್ಮಳಿಯ. ಮೊದ್ಲು ಲಾರಿ ತುಂಬ್ಸು, ಸಂಜೆ ಹಾಕುದ್ರಾಯ್ತು ಅಂದ್ಬುಟ್ರು ಸೂಪರ್‌ವೈಸರ್ರು. ಆಮೇಲೆ ಪೊಲೀಸ್ರು ಬರೋಕ್ ಮುಂಚೆ ಅವರೇ ನಿಂತು ಹಾಕ್ಸುದ್ರು. ನಾನು ಹೇಳ್ದೆ ಅಂತ ಎಲ್ಲೂ ಅನ್ಬೇಡಿ.”

ಹನ್ನೊಂದನೆಯ ದಿನದ ಕಾರ್ಯ ಮುಗಿದ ಸಂಜೆ ಆ ಸೂಪರ್‌ವೈಸರನೇ ಹಣ್ಣು ಹಿಡಿದು ಮನೆಗೆ ಬಂದ. ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರು ಮಗಳನ್ನು ವಿಚಾರಿಸುತ್ತಾರಂತೆ. ಗಂಡ ತಾನಾಗಿಯೇ ಗಾರ್ಡು ಬಿಚ್ಚಿಕೊಂಡು ಕೆಲಸ ಮಾಡುತ್ತಿದ್ದ, ಮನೆಯಲ್ಲೂ ಹಾಗೇ ಹೇಳುತ್ತಿದ್ದ ಎಂದು ಅವಳು ಹೇಳಬೇಕಂತೆ. ಹೇಳಿದರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ.

“ಹೋದೋರು ಹೋದ್ರು ಕಣಮ್ಮ, ಇರೋರ್ದು ನೋಡ್ಬೇಕಲ್ವಾ?” ಎಂದ ಮಗಳಿಗೆ.

“ಅವನಾಗಿ ಹೋಗ್ಲಿಲ್ಲ ಕಣಪ್ಪ, ನೀವು ಕಳ್ಸುದ್ರಿ,” ಎಂದೆ ನಾನು.

ಅವನು ಹಣ್ಣು ಬಿಟ್ಟು ಎದ್ದು ಹೋದ. ಮಗಳು ನನ್ನ ಮೇಲೆ ಹರಿಹಾಯ್ದಳು.

“ನಿಂಗೇನವ್ವ, ಬಾಯಿಗ್ ಬಂದಂಗೆ ಅಂದ್ಬುಡ್ತೀಯ. ಮಗೀನ ಸಾಕೋಳು ನಾನು. ನಿಜ ಹೇಳುದ್ರೆ ಅವರೇನು ಎದ್ದು ಬತ್ತಾರಾ?”

“ಬರಲ್ಲ. ತಪ್ಪು ಅವನ್ದೇ ಅಂತ ನೀನೇ ಅಂದ್ರೆ ಮುಂದಿನ ವರ್ಷಾನೂ ಅಂಗೇ ಬಿಚ್ಚಿಡ್ತಾರೆ. ಇನ್ನೊಬ್ಬ ಸಾಯ್ತಾನೆ, ಅವನ್ ಹೆಂಡ್ತಿಗೂ ಕ್ಯಾಂಟೀನ್ ಕೆಲ್ಸ ಕೊಡ್ತಾರೆ. ಎಷ್ಟ್ ಜನ ಮುಂಡೇರು ಬೇಕಂತೆ ಕೇಳು, ಅವರ ಕ್ಯಾಂಟೀನ್‌ಗೆ.”

ಅವಳು ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಎಲ್ಲ ತಿಕ್ಕಿ ಮುಗಿಸಿ ಅಲ್ಲಿಂದಲೇ ಕೇಳಿದಳು: “ನಾನೇನು ಕಣ್ಣಲ್ಲಿ ಕಂಡಿದ್ನಾ? ನಾನೊಬ್ಳು ಹೇಳುದ್ರೆ ಯಾರು ನಂಬ್ತಾರೆ? ಕಂಡೋನು ಬಂದು ಹೇಳ್ಲಿ, ನಾನೂ ಹೇಳ್ತೀನಿ.”

ಆ ಮಾತು ನ್ಯಾಯವಾಗಿತ್ತು.

ಮರುದಿನ ಬೆಳಿಗ್ಗೆ, ನಾನು ಅಡುಗೆ ಕೆಲಸಕ್ಕೆ ಹೋಗುವ ಕೃಷ್ಣಮೂರ್ತಿಪುರಂ ಮನೆಗೆ ಬರುವುದಿಲ್ಲವೆಂದು ಫೋನು ಮಾಡಿ, ಹೆಬ್ಬಾಳದ ಬಸ್ಸು ಹತ್ತಿದೆ. ಕಾರ್ಖಾನೆಯಿಂದ ರಾತ್ರಿ ಷಿಫ್ಟಿನವರು ಹೊರಗೆ ಬರುತ್ತಿದ್ದರು. ಆ ಪಕ್ಕದ ಮೆಷಿನ್ನಿನವನು ನನ್ನನ್ನು ಕಂಡು ರಸ್ತೆಯ ಆ ಬದಿಗೆ ಹೋದ. ನಾನೂ ಹೋದೆ.

“ಯಾರಾರೂ ನೋಡ್ತಾರೆ, ಹೋಗವ್ವ.”

“ನೋಡ್ಲಿ. ನನ್ ಅಳಿಯನ ಮೆಷಿನ್ನು ಈಗ ಯಾರ ಕೈಲದೆ?”

ಅವನು ನೆಲ ನೋಡಿದ. “ನನ್ ಕೈಲೇ.”

“ಮುಂದಿನ ಆಯುಧಪೂಜೆ ಆದ್ಮೇಲೂ ನಿನ್ ಕೈಲೇ ಇರ್ತದಲ್ಲಪ್ಪ?”

ನಾನು ಅವನ ಮೊಣಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ. ಇನ್‌ಸ್ಪೆಕ್ಟರ ಕಚೇರಿ ಕಡೆ ಹೋಗುವ ಬಸ್ಸಿಗೆ ಅವನನ್ನು ಮುಂದೆ ಹತ್ತಿಸಿ ಹಿಂದೆ ನಾನು ಹತ್ತಿದೆ. ಹೆಂಗಸರಿಗೆ ಫ್ರೀ. ಅವನ ಟಿಕೆಟು ನಾನೇ ತೆಗೆದೆ.