ಹಲೋ... ಹಾಲೋ? ಹಾವೋ?

ಬೆಳಕು ಹರಿಯುವ ಹೊತ್ತು. ತುರ್ತು ಕರೆ ಕೇಂದ್ರದ ಮೂಲೆಯ ಮೇಜಿನಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಎಲ್ಲರೂ ‘ಕಿವಿಯಕ್ಕ’ ಎಂದು ಕರೆಯುವ ಈಕೆ ಹೆಡ್‌ಫೋನ್ ಸರಿಪಡಿಸಿಕೊಳ್ಳುತ್ತಾರೆ. ಇವರ ಕೆಲಸ ನೋಡಿ ಬರೆಯಲು ಬಂದ ನನ್ನ ಕಿವಿಯಲ್ಲೂ ಇನ್ನೊಂದಿದೆ. ಗರಗರ ಸದ್ದಿನ ನಡುವೆ ಗಂಡಸಿನ ದನಿ: ‘ಮಗು... ಹಾ... ಡ್ದಿದೆ!’

ಹಾಲು ಕುಡ್ದಿದೆ! ನನಗೆ ಅಷ್ಟು ಸ್ಪಷ್ಟ. ಅದಕ್ಕೆ ಆಂಬುಲೆನ್ಸ್ ಯಾಕಪ್ಪಾ ಎಂದು ನಗು ಬರುತ್ತದೆ. ಅಕ್ಕ ನಗುವುದಿಲ್ಲ. ‘ಎಲ್ಲಿ?’ ಎನ್ನುತ್ತಾರೆ.

‘ಕಾಲ್ಗೆ!’

ಹಾಲನ್ನು ಕಾಲಿಗೆ ಕುಡಿಯುವವರುಂಟೇ? ಹಾವು ಕಡ್ದಿದೆ! ಅದು ನನಗೆ ಹೊಳೆಯುವಷ್ಟರಲ್ಲಿ ಅಕ್ಕ ಗಾಡಿ ಹೊರಡಿಸಿ, ‘ಕಾಲು ಅಲುಗಾಡಿಸ್ಬೇಡಿ ಅಣ್ಣ, ಕಟ್ಬೇಡಿ, ಕುಯ್ಬೇಡಿ, ಬಂದ್ರು ಅಂದ್ಕೊಳ್ಳಿ’ ಎಂದು ಧೈರ್ಯ ಹೇಳುತ್ತಿದ್ದಾರೆ.

‘ನಂಗೂ ಮೊದ್ಲು ಹಾಲು ಅಂತ್ಲೇ ಕೇಳ್ಸಿದ್ದು’ ಎಂದು ಕರೆ ಮುಗಿಸಿ ಅಕ್ಕ ಹೇಳಿದಾಗ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ‘ಮಗು ಅಂದ್ಕೂಡ್ಲೇ ಮನಸ್ಸು ಹಾಲು ಕಾಯ್ಸಿಟ್ಟಿರುತ್ತೆ. ಕಿವಿ ಅದನ್ನೇ ಲೋಟಕ್ಕೆ ಬಗ್ಗಿಸುತ್ತೆ.’

ಈ ವಿದ್ಯೆಗೆ ಗುರು ಹಲ್ಲಿಲ್ಲದ ಅತ್ತೆಯಂತೆ. ‘ಅವ್ರು ಸೊಂಟ ಅಂದ್ರು. ಒಲೆ ಮುಂದಿದ್ದೆ ನೋಡಿ, ಶುಂಠಿ ಅಂತ ಕೇಳ್ತು. ಜಜ್ಜಿ ಕೊಟ್ಟೆ. ನಿನ್ನ ತಲೆ ಜಜ್ಜ ಅಂದ್ರು! ಅವತ್ತಿಂದ ಏನೇ ಕೇಳ್ಸಿದ್ರೂ ಒಂದ್ಸಲ ಎಲ್ಲಿ ಅಂತೀನಿ.’

ತರಬೇತಿಗೆಂದು ಇಟ್ಟ ಹಳೆಯ ಕರೆಯೊಂದನ್ನು ಕೇಳಿಸುತ್ತಾರೆ. ಬರೀ ಗೊರಗೊರ. ‘ಬಾಗಿಲು ಮುರೀರಿ ಅಂತಿದಾನೆ’ ಎಂದು ಮತ್ತೆ ಹಾಕುತ್ತಾರೆ. ಅರೆ, ಅಕ್ಷರ ಅಕ್ಷರ ಕೇಳುತ್ತದೆ! ‘ಸುಳ್ಳು ಹೇಳ್ದೆ. ಬಾವೀಲಿ ಮುಳುಗಿದ್ರು ಅಂತಿರೋದು.’ ಮತ್ತೆ ಹಾಕಿದರೆ ಬಾವಿಯೇ! ನನಗೆ ಮೈಯೆಲ್ಲ ಜುಮ್ಮೆನ್ನುತ್ತದೆ. ‘ಸದ್ದು ಕಿವೀಲಿ ಎರಡು ಕ್ಷಣ ಉಳಿಯುತ್ತೆ ಅಷ್ಟೇ. ಆಮೇಲೆ ನಾವು ಅಂದ್ಕೊಂಡಿದ್ದೇ ನೆನಪಾಗಿ ಕೂತ್ಬಿಡುತ್ತೆ. ಅದು ಕೂರೋ ಮುಂಚೆ ಎಲ್ಲಿ ಅಂತ ಕೇಳ್ಬೇಕು.’

ದಿನಕ್ಕೆ ನೂರಕ್ಕೂ ಹೆಚ್ಚು ಕರೆ. ಮನೆಗೆ ಹೋದರೂ ಕಿವಿಯಲ್ಲಿ ಗುಂಯ್. ಕುಕ್ಕರ್ ಕೂಗಿದರೆ ಬೆಚ್ಚುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ನಾಚುತ್ತಾರೆ. ‘ಯಾರಾದ್ರೂ ಒಂದ್ಸಲ ಒಳ್ಳೇ ಸುದ್ದಿ ಹೇಳೋಕೆ ಫೋನ್ ಮಾಡ್ಬೇಕು.’

ಮಗು ಏನಾಯಿತೋ ಎಂದು ರಾತ್ರಿ ನನಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಗಾಗುತ್ತಲೇ ಮತ್ತೆ ಅಕ್ಕನ ಪಕ್ಕ ಕೂತಿದ್ದೇನೆ. ಫೋನ್ ಬಡಿದುಕೊಳ್ಳುತ್ತದೆ. ಅದೇ ಗರಗರ, ನಿನ್ನೆಯ ಅದೇ ಗಂಡಸಿನ ದನಿ: ‘ಅಕ್ಕಾ, ಮಗು... ಹಾ... ಡ್ದಿದೆ!’

ಅಯ್ಯೋ, ಮತ್ತೆ ಹಾವು ಕಡ್ದಿದೆ!

‘ಎಲ್ಲಿ?’ ಎನ್ನುತ್ತಾರೆ ಅಕ್ಕ.

‘ಎಲ್ಲಿ ಅಂದ್ರೆ? ಬಾಯಲ್ಲಿ ಕಣಕ್ಕಾ!’