ರೇಣುಕಪ್ರಸಾದರ ತಲೆದೂಗು

ಶಿರಂಗಾಲದ ರೇಣುಕಪ್ರಸಾದರು ಈ ಮಾಘದಲ್ಲಿ ತೀರಿಕೊಂಡರು. ಕುಶಾಲನಗರದ ಹವ್ಯಾಸಿ ವಾದ್ಯವೃಂದದಲ್ಲಿ ಅವರ ಕುರ್ಚಿಯಲ್ಲಿ ಇನ್ನೂ ಯಾರೂ ಕೂತಿಲ್ಲ. ಆದರೂ ಅವರನ್ನು ನೆನೆದರೆ ಮೊದಲು ಬರುವುದು ನಗು. ಅದಕ್ಕೆ ಹೋದ ವರ್ಷದ ಕಛೇರಿಯೇ ಕಾರಣ.

ಆಗಲೇ ಅವರ ಕಣ್ಣು ಮಂಜಾಗಿತ್ತು. ಕಾಗದದ ಮೇಲಿನ ಸ್ವರಲಿಪಿ ಕಲಸಿಹೋಗುತ್ತಿತ್ತು. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಸಿಕ್ಕ ಸುಖವೆಂದರೆ ಈ ವೃಂದ. ಅದನ್ನೂ ಬಿಡಬೇಕಲ್ಲ ಎಂದು ಅವರಿಗೆ ಊಟ ಸೇರಲಿಲ್ಲ. ಮಗಳು ದಿವ್ಯಶ್ರೀ ಟ್ಯಾಬ್ಲೆಟ್ ತಂದುಕೊಟ್ಟಳು. ಸ್ವರಗಳು ಅವರೆಕಾಳಿನಷ್ಟು ದಪ್ಪಗೆ ಕಂಡವು. ಪಿಟೀಲು ಹಿಡಿದ ಕೈ ಬಿಡಬೇಕಾಗಿಯೂ ಇರಲಿಲ್ಲ. ತಲೆ ವಾಲಿಸಿದರೆ ಅದರ ಕ್ಯಾಮೆರಾ ಗುರುತಿಸಿ, ಪುಟ ತಾನೇ ತಿರುಗುತ್ತಿತ್ತು.

ಎಡವಟ್ಟಾದದ್ದು ಅಲ್ಲೇ. ಅವರು ಕರ್ನಾಟಕ ಸಂಗೀತ ಕೇಳಿ ಬೆಳೆದವರು. ಯಾರಾದರೂ ಚೆನ್ನಾಗಿ ನುಡಿಸುವಾಗ ತಲೆದೂಗದೆ ಕೂರುವುದು ಅವರ ಲೆಕ್ಕದಲ್ಲಿ ಅಪಚಾರ. ಅಭ್ಯಾಸದ ದಿನ ಕುಟ್ಟಪ್ಪನ ಕೊಳಲು ಒಂದು ಸುತ್ತು ಮುಗಿಸುವಷ್ಟರಲ್ಲಿ ಟ್ಯಾಬ್ಲೆಟ್ ಕೊನೆಯ ಪುಟದಲ್ಲಿತ್ತು.

"ಪ್ರಸಾದಣ್ಣ, ಚೆನ್ನಾಗಿದ್ರೆ ನನಗೆ ಹೇಳಿ ಮಾರಾಯ್ರೆ, ಟ್ಯಾಬ್ಲೆಟ್‌ಗೆ ಯಾಕೆ ಹೇಳ್ತೀರಿ?" ಎಂದ ಕುಟ್ಟಪ್ಪ.

ಪುಟ ತಿರುಗಿಸಲು ಕಾಲಲ್ಲಿ ಒತ್ತುವ ಪೆಡಲ್ ತರಿಸಿದರು. ಕಾಲು ತಾಳ ಹಾಕಿತು. ಪುಟಗಳು ಇನ್ನೂ ಜೋರಾಗಿ ಓಡಿದವು.

ವೃಂದ ನಡೆಸುವ ಮಾಳವಿಕಾ ಹತ್ತಿರ ಬಂದು, "ಸರ್, ಕಛೇರೀಲಿ ಹಿಂಗಾದ್ರೆ ಕಷ್ಟ. ಈ ಸಲ ಕೆಳಗೆ ಕೂತು ಕೇಳ್ತೀರಾ?" ಎಂದಳು.

ಅವರ ಮುಖ ಇಳಿದುಹೋಯಿತು. ಪೆಡಲ್ ಬಿಟ್ಟು ಮತ್ತೆ ತಲೆ ವಾಲಿಸುವುದಕ್ಕೇ ಮರಳಿ, ಕತ್ತು ಬಿಗಿಹಿಡಿದು ನುಡಿಸಿದರು. ಪುಟಗಳೇನೋ ಸುಮ್ಮನಿದ್ದವು, ಆದರೆ ಕಮಾನೂ ಮರಗಟ್ಟಿತು.

ಪಕ್ಕದಲ್ಲಿ ಪಿಟೀಲು ನುಡಿಸುತ್ತಿದ್ದ ನರ್ಸ್ ಕುಸುಮಾಗೆ ತಡೆಯಲಾಗಲಿಲ್ಲ. "ಅಯ್ಯೋ, ಕುತ್ತಿಗೆ ಮುರ್ಕೊಂಡ ಪೇಷಂಟ್ ಥರ ಕೂತಿದ್ದೀರಲ್ಲ ಸರ್!" ಎನ್ನುತ್ತ ತನ್ನ ಸ್ಟ್ಯಾಂಡನ್ನು ಆಚೆ ತಳ್ಳಿ, ಕುರ್ಚಿ ಎಳೆದುಕೊಂಡಳು. "ಆ ತಲೆ ಸೆಟ್ಟಿಂಗ್ ಆಫ್ ಮಾಡಿ. ಇಬ್ರೂ ಇದ್ರಲ್ಲೇ ನೋಡೋಣ, ಪುಟ ನಾನು ತಿರುಗಿಸ್ತೀನಿ."

"ನಿನ್ನ ಸ್ವರ ಬಿಟ್ಟುಹೋಗಲ್ವೇನಮ್ಮ?"

"ಎರಡು ಹೋದ್ರೆ ಹೋಗ್ಲಿ. ಅವು ಇದ್ದಾಗ ಮಾತ್ರ ಯಾರು ಕೇಳ್ತಿದ್ರು?"

ಕಛೇರಿಯಲ್ಲಿ ಕುಟ್ಟಪ್ಪನ ಕೊಳಲು ಎಂದೂ ಇಲ್ಲದಷ್ಟು ಚೆನ್ನಾಗಿ ಹರಿಯಿತು. ರೇಣುಕಪ್ರಸಾದರ ತಲೆ ತೂಗಿತು, ಹೆಗಲೂ ತೂಗಿತು. ಕೊಳಲು ನಿಂತ ಆ ಒಂದು ಕ್ಷಣದ ಮೌನದಲ್ಲಿ "ಭಲೇ!" ಎಂಬ ಮಾತು ಬಾಯಿಂದ ಜಾರಿಯೇಬಿಟ್ಟಿತು. ಸಭೆ ಗೊಳ್ಳೆಂದಿತು. ಮಾಳವಿಕಾ ತುಟಿ ಕಚ್ಚಿಕೊಂಡು ಶುರುಮಾಡಿ ಎಂದು ಪಿಟೀಲುಗಳ ಕಡೆ ತಾಳದ ಕೋಲು ಎತ್ತಿದಳು. ಅಷ್ಟರಲ್ಲಿ ಕುಸುಮಾಳ ಬೆರಳು ಪುಟ ತಿರುಗಿಸಿ ಆಗಿತ್ತು. ರೇಣುಕಪ್ರಸಾದರು ಎಲ್ಲರ ಜೊತೆಗೇ, ಸರಿಯಾದ ಸ್ವರಕ್ಕೇ ಕಮಾನು ಹಾಕಿದರು.