ಅಪ್ಪಿಯಕ್ಕನ ನಾಲಗೆ ಒಪ್ಪಿದ ಸಾಬೂನು

ಬೆಳಗಿನ ಐದೂವರೆ. ಮುಂಬಯಿಯ ಮಾಟುಂಗದ ಚಾಳಿನ ಮೋರಿಯ ಬದಿಯಲ್ಲಿ ಅಪ್ಪಿಯಕ್ಕ ಕಬ್ಬಿಣದ ಬಕೆಟ್ಟಿನ ನೀರಿಗೆ ಕಾಸ್ಟಿಕ್ ಸೋಡಾ ಸುರಿಯುತ್ತಾರೆ. ಒಲೆಯಿಲ್ಲ, ಬೆಂಕಿಯಿಲ್ಲ, ನೀರು ತಾನಾಗಿಯೇ ಕಾದು ಹೊಗೆಯಾಡುತ್ತದೆ. ನಾನು ಎರಡು ಹೆಜ್ಜೆ ಹಿಂದೆ ಸರಿದದ್ದು ನೋಡಿ ಆಕೆಗೆ ನಗು. "ಹೆದರ್ಬೇಡಿ ಮಾರಾಯ್ರೇ. ನೀರಿಗೆ ಕಾಸ್ಟಿಕ್ ಹಾಕುದು, ಕಾಸ್ಟಿಕ್ಕಿಗೆ ನೀರು ಹಾಕ್ಲಿಕ್ಕಿಲ್ಲ. ಅಷ್ಟು ನೆನಪಿದ್ರೆ ಸಾಕು."

ತಣಿದ ಮೇಲೆ ಎಣ್ಣೆಯ ಸರದಿ. ಸುತ್ತಲಿನ ಉಡುಪಿ ಹೋಟೆಲುಗಳಲ್ಲಿ ವಡೆ, ಬಜ್ಜಿ ಕರಿದು ಕಪ್ಪಾದ ಎಣ್ಣೆ. ಅದನ್ನು ಹಳೇ ಪಂಚೆಯಲ್ಲಿ ಸೋಸಿ, ಕಾಸ್ಟಿಕ್ ನೀರು ಬೆರೆಸಿ, ಮುಕ್ಕಾಲು ಗಂಟೆ ತಿರುವುತ್ತಾರೆ. ಐವತ್ತೆಂಟು ವರ್ಷದ ಆ ತೋಳು ಒಮ್ಮೆಯೂ ನಿಲ್ಲುವುದಿಲ್ಲ! ಗಟ್ಟಿಯಾದದ್ದನ್ನು ಹಣ್ಣಿನ ಪೆಟ್ಟಿಗೆಗೆ ಹೊಯ್ದು, ಕತ್ತರಿಸಿ, ಮಂಚದ ಕೆಳಗೆ ತಿಂಗಳು ಒಣಗಿಸಿದರೆ ಎಣ್ಣೆಯ ಡಬ್ಬವೊಂದಕ್ಕೆ ಇನ್ನೂರು ಸಾಬೂನು. ಆರು ಹೋಟೆಲುಗಳಲ್ಲಿ ತಟ್ಟೆ ತೊಳೆಯುವ ನಲವತ್ತು ಮಂದಿಯ ಕೈಗೂ ಮೈಗೂ ಇದೇ.

ಕಾಪುವಿನಿಂದ ಬಂದ ಅಪ್ಪಿಯಕ್ಕ ಹದಿಮೂರು ವರ್ಷ ಹೋಟೆಲಿನ ಪಾತ್ರೆ ತೊಳೆದವರು. ಪಾತ್ರೆ ತಿಕ್ಕುವ ಸೋಡಾಪುಡಿಗೆ ಬೆರಳಸಂದು ಹುಣ್ಣಾದಾಗ, ಹದಿನಾಲ್ಕು ವರ್ಷದ ಹಿಂದೆ, 1975ರಲ್ಲಿ, ಸಾಬೂನು ಮಾಡಲು ಕಲಿತರು.

ನಾನು ಬೆರಗಾದದ್ದು ಆಮೇಲಿನ ಕೆಲಸ ನೋಡಿ. ಒಣಗಿದ ಪ್ರತಿ ಪೆಟ್ಟಿಗೆಯಿಂದ ಒಂದು ಸಾಬೂನು ತೆಗೆದು ನಾಲಗೆಯ ತುದಿಗೆ ಮುಟ್ಟಿಸುತ್ತಾರೆ. ಚುರ್ ಎಂದರೆ ಕಾಸ್ಟಿಕ್ ಉಳಿದಿದೆ ಎಂದರ್ಥ. ಆ ಪೆಟ್ಟಿಗೆ ಮನೆ ಬಿಟ್ಟು ಹೊರಡುವುದಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಈ ಪರೀಕ್ಷೆ ತಪ್ಪಿದ್ದು ಒಂದೇ ಸಲ, ಒಂದು ಕೃಷ್ಣಾಷ್ಟಮಿಯಂದು.

"ಉಪವಾಸ ಅಲ್ವಾ. ನೀರುಳ್ಳಿ ಬಜ್ಜಿ ಕರಿದ ಎಣ್ಣೆಯದ್ದು, ಬಾಯಿಗೆ ಹೇಗೆ ಮುಟ್ಟಿಸುದು? ನೋಡದೇ ಕೊಟ್ಟೆ. ದೂಜನ ಅಂಗೈಯ ಚರ್ಮ ಎದ್ದು ಬಂತು."

ದೂಜ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವವ. ಕೈ ವಾಸಿಯಾಗುವವರೆಗೆ ಹದಿನೈದು ದಿನ ಅಪ್ಪಿಯಕ್ಕನೇ ಅವನಿಗೆ ತುತ್ತು ಮಾಡಿ ಉಣಿಸಿದರು. ಮರುವರ್ಷದಿಂದ ಅಷ್ಟಮಿಯಂದೂ ಮೊದಲು ಸಾಬೂನು, ಆಮೇಲೆ ದೇವರು.

ಈಗ ಆ ನಾಲಗೆಯೇ ಸೋಲುತ್ತಿದೆ. ಸಾರಿನ ಉಪ್ಪು ತಿಳಿಯುವುದಿಲ್ಲ. ಇದನ್ನು ಬಿಟ್ಟುಬಿಡಿ ಎಂದು ಡಾಕ್ಟರು ಗದರಿದ್ದಾರೆ. ನನಗೂ ಸಂಕಟವಾಗಿ, ಬೇರೆ ಯಾರಿಂದಲಾದರೂ ಪರೀಕ್ಷೆ ಮಾಡಿಸಬಾರದೇ ಎಂದೆ.

"ಯಾರಿಗೆ ನಾಲಗೆ ಸುಟ್ಕೊಳ್ಳಿ ಅಂತ ಹೇಳುದು? ಉಪ್ಪು ಹೋದ್ರೆ ಹೋಗ್ಲಿ, ಚುರ್ ಅನ್ನುದು ಇನ್ನೂ ಗೊತ್ತಾಗ್ತದೆ. ಅದೂ ಹೋದ ದಿನ ಬಕೆಟ್ ಕವುಚಿ ಇಡ್ತೇನೆ. ದೇವರ ಹತ್ರ ಕೇಳುದು ಒಂದೇ. ಆ ದಿನ ಬಂದದ್ದು ಮೊದಲು ನನಗೇ ಗೊತ್ತಾಗ್ಲಿ. ಇನ್ನೊಬ್ಬನ ಕೈ ನೋಡಿ ಗೊತ್ತಾಗುದು ಬೇಡ."